ಪಿಟೀಲಿಗೆ ಯಾವ ಜಾತಿ?

ಪಿಟೀಲು ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಸಭಾಮಂದಿರ, ಜರಿಪಂಚೆ, ಮುಂದಿನ ಸಾಲಿನ ಕುರ್ಚಿ. ತಮಟೆ ಅಂದರೆ ನಮ್ಮ ಕೇರಿ, ಸಾವು, ಜಾತ್ರೆ. ವಾದ್ಯಕ್ಕೂ ಜಾತಿ ಹಚ್ಚಿದ ನಾಡು ನಮ್ಮದು. ಅಮೆರಿಕದವರೂ ಕಡಿಮೆಯಿಲ್ಲ. 1920ರ ದಶಕದಲ್ಲಿ ಅಲ್ಲಿನ ಕಂಪನಿಗಳು ಕಪ್ಪು ಜನರ ಹಾಡಿಗೆ ‘ರೇಸ್ ರೆಕಾರ್ಡ್’ ಅಂತ, ಹಳ್ಳಿಗಾಡಿನ ಬಿಳಿಯರ ಹಾಡಿಗೆ ‘ಹಿಲ್‌ಬಿಲ್ಲಿ’ ಅಂತ ಚೀಟಿ ಅಂಟಿಸಿ ಮಾರಿದವು. ಸಂಗೀತದಲ್ಲೂ ಊರು ಬೇರೆ, ಕೇರಿ ಬೇರೆ.

ಆ ಬೇಲಿ ಜಿಗಿದವನು ಕ್ಲಾರೆನ್ಸ್ ಬ್ರೌನ್. ಹುಟ್ಟಿದ್ದು 1924ರಲ್ಲಿ, ಲೂಸಿಯಾನದ ವಿಂಟನ್‌ನಲ್ಲಿ. ಬೆಳೆದದ್ದು ಟೆಕ್ಸಾಸಿನ ಆರೆಂಜ್‌ನಲ್ಲಿ. ಅಪ್ಪ ರೈಲ್ವೆಯಲ್ಲಿ ದುಡಿಯುತ್ತಿದ್ದ. ಬಿಡುವಾದಾಗ ಮನೆಮನೆಯ ಕುಣಿತಗಳಿಗೆ ಪಿಟೀಲು ಬಾರಿಸುತ್ತಿದ್ದ. ಮಗ ಅದನ್ನು ಕಲಿತದ್ದು ಅಪ್ಪನಿಂದಲೇ. ಗೇಟಿನಂಥ ದನಿ ಕಣೋ ನಿಂದು ಅಂತ ಶಾಲೆಯ ಮೇಷ್ಟ್ರೊಬ್ಬರು ಅಂದರಂತೆ. ‘ಗೇಟ್‌ಮೌತ್’ ಎಂಬ ಹೆಸರು ಸಾಯುವವರೆಗೂ ಉಳಿಯಿತು.

ಕಪ್ಪು ಮನುಷ್ಯನಿಗೆ ಪಿಟೀಲು ಎಲ್ಲಿಂದ ಬಂತು ಅಂತ ಕೇಳುವವರು ಇತಿಹಾಸ ಓದಬೇಕು. ದೊರೆಗಳ ಕುಣಿತಕ್ಕೆ ಪಿಟೀಲು ನುಡಿಸಿದವರು ಗುಲಾಮರು. 1841ರಲ್ಲಿ ಅಪಹರಿಸಿ ಮಾರಲಾದ ಸಾಲೊಮನ್ ನಾರ್ತಪ್ ಲೂಸಿಯಾನದ ತೋಟಗಳಲ್ಲಿ ಜೀತ ಮಾಡುತ್ತಲೇ ಪಿಟೀಲು ನುಡಿಸಿದ. 1853ರಲ್ಲಿ ಬಿಡುಗಡೆಯಾಗಿ ತನ್ನ ಕತೆ ಬರೆದ. ಬೆವರು ಇವರದು, ಹೆಸರು ಮಾತ್ರ ಬೇರೆಯವರದು. ಈ ಲೆಕ್ಕ ನಮಗೆ ಗೊತ್ತಿಲ್ಲದ್ದೇನಲ್ಲ.

1947. ಹ್ಯೂಸ್ಟನ್ ನಗರದ ‘ಬ್ರಾಂಜ್ ಪೀಕಾಕ್’ ಕ್ಲಬ್ಬು. ಹೆಸರಾಂತ ಟಿ-ಬೋನ್ ವಾಕರ್ ಹುಷಾರಿಲ್ಲದೆ ವೇದಿಕೆ ಬಿಟ್ಟು ಹೋದ. ಬ್ರೌನ್ ಅವನ ಗಿಟಾರ್ ಎತ್ತಿಕೊಂಡು ಅಲ್ಲೇ ಒಂದು ಹಾಡು ಕಟ್ಟಿದ. ಕಾಲು ಗಂಟೆಯಲ್ಲಿ 600 ಡಾಲರ್ ಬಂತು ಅಂತ ಆಮೇಲೆ ಹೇಳಿಕೊಳ್ಳುತ್ತಿದ್ದ. ಕ್ಲಬ್ಬಿನ ಮಾಲೀಕ ಡಾನ್ ರೋಬಿ 1949ರಲ್ಲಿ ‘ಪೀಕಾಕ್’ ರೆಕಾರ್ಡ್ ಕಂಪನಿ ತೆಗೆದದ್ದು ಈ ಬ್ರೌನನ ಹಾಡುಗಳನ್ನು ನೆಚ್ಚಿಕೊಂಡೇ. ರೋಬಿಯೂ ಕಪ್ಪು ಮನುಷ್ಯನೇ. ಆದರೂ ಬೇರೆಯವರು ಕಟ್ಟಿದ ಹಾಡುಗಳ ಮೇಲೆ ‘ಡೆಡ್ರಿಕ್ ಮಲೋನ್’ ಎಂಬ ತನ್ನ ಗುಪ್ತನಾಮ ಹಾಕಿಕೊಂಡವನು. ಕೇರಿಯೊಳಗೂ ಗೌಡಿಕೆ ಹುಟ್ಟುತ್ತೆ ಗೆಳೆಯರೇ, ಇದನ್ನು ನಾವು ಮರೆಯಬಾರದು.

1959ರ ‘ಜಸ್ಟ್ ಬಿಫೋರ್ ಡಾನ್’ನಲ್ಲಿ ಬ್ರೌನ್ ಗಿಟಾರ್ ಬದಿಗಿಟ್ಟು ಪಿಟೀಲು ಹಿಡಿದ. ಮುಂದೆ ಬ್ಲೂಸ್, ಜಾಜ್, ಕಂಟ್ರಿ, ಕೇಜನ್ ಎಲ್ಲವನ್ನೂ ಒಂದೇ ರಾತ್ರಿ ನುಡಿಸಿದ. ಬಿಳಿಯ ಕಂಟ್ರಿ ಗಾಯಕ ರಾಯ್ ಕ್ಲಾರ್ಕ್ ಜೊತೆ 1979ರಲ್ಲಿ ರೆಕಾರ್ಡ್ ಮಾಡಿದ. ನನ್ನನ್ನು ಬ್ಲೂಸ್‌ನವನು ಅನ್ನಬೇಡಿ ಅಂತ ರೇಗುತ್ತಿದ್ದ. ಲೋಕ ಕೇಳಲಿಲ್ಲ: 1983ರಲ್ಲಿ ಗ್ರ್ಯಾಮಿ ಪ್ರಶಸ್ತಿ ಕೊಟ್ಟದ್ದು ಬ್ಲೂಸ್ ಎಂಬ ಖಾನೆಯಲ್ಲೇ!

2005ರ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತ ಅವನ ಸ್ಲೈಡೆಲ್‌ನ ಮನೆಯನ್ನು ನುಂಗಿತು. ಮೊದಲೇ ಕ್ಯಾನ್ಸರಿನಿಂದ ನರಳುತ್ತಿದ್ದವನು ಆರೆಂಜ್‌ಗೆ ಓಡಿಬಂದು, ಸೆಪ್ಟೆಂಬರ್ 10ರಂದು ಅಲ್ಲೇ ತೀರಿಕೊಂಡ.

1972ರಲ್ಲಿ ಮುಂಬಯಿಯ ನಮ್ಮ ಅಣ್ಣಂದಿರು ‘ಪ್ಯಾಂಥರ್’ ಎಂಬ ಹೆಸರನ್ನು ಅಮೆರಿಕದ ಕಪ್ಪು ಜನರಿಂದ ತಂದರು. ಸಿಟ್ಟು ಕಲಿತೆವು. ಬ್ರೌನನಿಂದ ಇನ್ನೊಂದನ್ನೂ ಕಲಿಯಬೇಕು. ನಮಗೂ ಕವಿಗೋಷ್ಠಿಯಲ್ಲಿ ‘ದಲಿತ ಕವಿ’ ಅಂತ ಒಂದು ಕುರ್ಚಿ ಹಾಕಿಟ್ಟಿರುತ್ತಾರೆ. ಹಸಿವಿನ ಪದ್ಯ ಓದು, ಕೂತ್ಕೋ ಅಂತಾರೆ. ಆ ಹೆಸರನ್ನು ನಾವು ಬಿಡೋದಿಲ್ಲ, ಅದು ನಮ್ಮ ಹೋರಾಟದ ಗಳಿಕೆ. ಆದರೆ ಅದನ್ನೇ ಬೇಲಿ ಮಾಡಿದರೆ ಒಪ್ಪೋದಿಲ್ಲ. ಬೆಳದಿಂಗಳೂ ನಮ್ಮದೇ. ತಮಟೆಯೂ ನಮ್ಮದೇ, ಪಿಟೀಲೂ ನಮ್ಮದೇ.