ಶುದ್ಧ ನೀರಿನಲ್ಲಿ ಅಡಗಿದ್ದವರು

ತುಂಬಿದ ಕೆರೆಗೆ ಕೊಳೆ ಬಿದ್ದರೂ ನೀರಿನ ಬಣ್ಣ, ರುಚಿ, ವಾಸನೆ ಬದಲಾಗದಿದ್ದರೆ ಅದರಲ್ಲಿ ವುಝೂ ಮಾಡಬಹುದೆಂದು ನಮ್ಮ ಮದ್ರಸಗಳಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಬಹುಕಾಲ ಮನುಷ್ಯನ ಬಳಿ ಇದ್ದ ಪ್ರಯೋಗಾಲಯವೂ ಕಣ್ಣು, ನಾಲಗೆ, ಮೂಗು ಅಷ್ಟೇ. ಕಾಲರಾ, ಟೈಫಾಯ್ಡ್ ರೋಗಾಣುಗಳು ಈ ಮೂರಕ್ಕೂ ಸಿಗಲಿಲ್ಲ. 1908ರಲ್ಲಿ ಅಮೆರಿಕದ ಜೆರ್ಸಿ ನಗರದ ನೀರಿಗೆ ಡಾ. ಜಾನ್ ಲೀಲ್ ಎಂಬ ವೈದ್ಯರು ಬ್ಲೀಚಿಂಗ್ ಪೌಡರ್ ಬೆರೆಸತೊಡಗಿದರು. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಪ್ರಕರಣ ನ್ಯಾಯಾಲಯದಲ್ಲಿತ್ತು, ಕೊನೆಗೆ ನ್ಯಾಯಾಲಯವೂ ಅದನ್ನು ಒಪ್ಪಿತು. ಮುಂದೆ ಕ್ಲೋರಿನ್ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ.

ಆದರೆ ಕ್ಲೋರಿನ್ ರೋಗಾಣುಗಳನ್ನಷ್ಟೇ ಕೊಂದು ಸುಮ್ಮನಾಗುತ್ತದೆಯೇ? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಳ್ಳಲು ಆರೂವರೆ ದಶಕಗಳು ಬೇಕಾದವು.

ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರದ ನೀರು ಸರಬರಾಜು ಸಂಸ್ಥೆಯಲ್ಲಿ ಜೋಹಾನ್ಸ್ ರೂಕ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಅದಕ್ಕೆ ಮೊದಲು ಅವರು ಬಿಯರ್ ತಯಾರಿಕೆಯಲ್ಲಿ ಕೆಲಸ ಮಾಡಿದ್ದವರು. ಓದುಗರು ಹುಬ್ಬೇರಿಸುವುದು ಬೇಡ, ಕಥೆಯ ಕೀಲಿಕೈ ಅಲ್ಲಿಯೇ ಇದೆ. ಪಾನೀಯದ ಪರಿಮಳವನ್ನು ಅಳೆಯಲು ಅಲ್ಲಿ ದ್ರವವನ್ನಲ್ಲ, ಮುಚ್ಚಿದ ಬಾಟಲಿಯಲ್ಲಿ ದ್ರವದ ಮೇಲೆ ನಿಂತ ಗಾಳಿಯನ್ನು ಪರೀಕ್ಷಿಸುತ್ತಿದ್ದರು. ರೂಕ್ ಅದೇ ಉಪಾಯವನ್ನು ಕುಡಿಯುವ ನೀರಿಗೆ ಬಳಸಿದರು. ಬಾಟಲಿಯ ಗಾಳಿಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಕೊಟ್ಟಾಗ ಸಿಕ್ಕಿದ್ದು ಕ್ಲೋರೋಫಾರ್ಮ್. ಹಿಂದೆ ಶಸ್ತ್ರಚಿಕಿತ್ಸೆಗೆ ಪ್ರಜ್ಞೆ ತಪ್ಪಿಸಲು ಬಳಸುತ್ತಿದ್ದ ಅದೇ ವಸ್ತು! ಅದರ ಜೊತೆಗೆ ಬ್ರೋಮಿನ್ ಸೇರಿದ ಅದರ ಸೋದರರೂ ಇದ್ದರು.

ಕಾರ್ಖಾನೆಗಳ ಕೊಳೆಯೇ ಇದಕ್ಕೆ ಕಾರಣವೆಂದು ಯಾರೂ ಊಹಿಸುತ್ತಿದ್ದರು. ರೂಕ್ ಅಲ್ಲಿಗೇ ನಿಲ್ಲಲಿಲ್ಲ. ಸಸ್ಯಗಳು ಕೊಳೆತು ಆದ ಜೌಗು ಮಣ್ಣಿನ ಸಾರವನ್ನು ನೀರಿಗೆ ಹಾಕಿ ಕ್ಲೋರಿನ್ ಬೆರೆಸಿದರು. ಮತ್ತೆ ಅವೇ ವಸ್ತುಗಳು ಹುಟ್ಟಿದವು. ಎಲೆ, ಬೇರು ಕೊಳೆತು ನೀರಿಗೆ ಕಂದು ಛಾಯೆ ಕೊಡುವ ಸಹಜ ಅಂಶದ ಜೊತೆ ಕ್ಲೋರಿನ್ ಸೇರಿದಾಗಲೇ ಅವು ಉಂಟಾಗುತ್ತವೆ ಎಂದು ಖಚಿತವಾಯಿತು. ಅಂದರೆ ಇವು ನದಿಯಿಂದ ಬಂದವಲ್ಲ, ಶುದ್ಧೀಕರಣ ಘಟಕದಲ್ಲೇ ಹುಟ್ಟಿದವು. ರೂಕ್ 1974ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಬೆಲ್ಲಾರ್ ಮತ್ತು ಸಂಗಡಿಗರೂ ಪ್ರತ್ಯೇಕವಾಗಿ ಇದನ್ನೇ ಕಂಡುಕೊಂಡರು. 1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಹೆಚ್ಚಿನ ಪ್ರಮಾಣದ ಕ್ಲೋರೋಫಾರ್ಮ್ ಇಲಿಗಳಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವರದಿ ಮಾಡಿತು. 1979ರಲ್ಲಿ ಅಲ್ಲಿನ ಸರ್ಕಾರ ಇಂತಹ ನಾಲ್ಕು ವಸ್ತುಗಳ ಒಟ್ಟು ಪ್ರಮಾಣಕ್ಕೆ ಲೀಟರಿಗೆ 100 ಮೈಕ್ರೋಗ್ರಾಂ ಮಿತಿ ಹಾಕಿತು.

ಇದನ್ನು ಕೇಳಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನೇ ನಿಲ್ಲಿಸುವವರಿದ್ದರೆ ಅದು ಮೂರ್ಖತನ. ವಾಂತಿಭೇದಿ ಮಗುವನ್ನು ಒಂದೇ ದಿನದಲ್ಲಿ ಕೊಲ್ಲಬಲ್ಲದು. ಈ ವಸ್ತುಗಳ ಅಪಾಯ ಹಲವು ವರ್ಷಗಳ ಲೆಕ್ಕದ್ದು.

ಮಿತಿ ಪಾಲಿಸಲು ಅಮೆರಿಕದ ಅನೇಕ ನಗರಗಳು ಕ್ಲೋರಿನ್‌ಗೆ ಅಮೋನಿಯಾ ಸೇರಿಸಿದ ಕ್ಲೋರಮೈನ್‌ಗೆ ಬದಲಾದವು. ಹಳೆಯ ವಸ್ತುಗಳು ಕಡಿಮೆಯಾದವು, ಹೊಸದೊಂದು ಬಂತು. ಏನೋ ಇದೆ ಎಂದು 1980ರ ದಶಕದ ಆರಂಭದಿಂದಲೇ ಯಂತ್ರಗಳು ಸೂಚಿಸುತ್ತಿದ್ದವು, ಆದರೆ ಅದರ ಹೆಸರು ಮಾತ್ರ ತಿಳಿಯದು. ಅಣು ತೀರಾ ಚಿಕ್ಕದು, ನೀರಿನ ಲವಣಗಳ ಗುಂಪಿನಲ್ಲಿ ಮರೆಯಾಗುತ್ತಿತ್ತು. ನಾಲ್ಕು ದಶಕಗಳ ಬಳಿಕ, 2024ರ ನವೆಂಬರ್‌ನಲ್ಲಿ, ಅರ್ಕಾನ್ಸಾಸ್ ವಿಶ್ವವಿದ್ಯಾಲಯದ ಜೂಲಿಯನ್ ಫೇರಿ ಮತ್ತು ಅಮೆರಿಕ, ಸ್ವಿಟ್ಜರ್‌ಲ್ಯಾಂಡ್‌ನ ಸಂಶೋಧಕರು ಅದನ್ನು ಬೇರ್ಪಡಿಸಿ ಗುರುತಿಸಿದರು: ಕ್ಲೋರೋನೈಟ್ರಮೈಡ್ ಅಯಾನು. ಅಮೆರಿಕದ ಹತ್ತು ಜಲಸರಬರಾಜು ವ್ಯವಸ್ಥೆಗಳಿಂದ ತಂದ 40 ಮಾದರಿಗಳಲ್ಲೂ ಅದು ಸಿಕ್ಕಿತು. ಅಲ್ಲಿ 11 ಕೋಟಿಗೂ ಹೆಚ್ಚು ಜನ ಕ್ಲೋರಮೈನ್ ಬೆರೆತ ನೀರು ಕುಡಿಯುತ್ತಾರೆ. ಅದು ವಿಷವೋ ಅಲ್ಲವೋ ಎಂಬ ಪರೀಕ್ಷೆ, ಆ ಲೇಖನ ಪ್ರಕಟವಾಗುವ ಹೊತ್ತಿಗೆ ನಡೆದಿರಲಿಲ್ಲ. ಹೆಸರೇ ಗೊತ್ತಿಲ್ಲದ್ದನ್ನು ಪರೀಕ್ಷಿಸುವುದಾದರೂ ಹೇಗೆ?

ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗಾಗಿ 2012ರಲ್ಲಿ ಹೊರಡಿಸಿದ ಮಾನದಂಡದಲ್ಲಿ ರೂಕ್ ಕಂಡ ನಾಲ್ಕೂ ವಸ್ತುಗಳಿಗೆ ಮಿತಿಯಿದೆ. ಕ್ಲೋರೋಫಾರ್ಮ್‌ಗೆ ಲೀಟರಿಗೆ 0.2 ಮಿಲಿಗ್ರಾಂ. ನಮ್ಮ ಪಂಚಾಯತಿಯ ಟ್ಯಾಂಕಿಗೆ ಪೌಡರ್ ಸುರಿಯುವವನ ಕೈಯಲ್ಲಿರುವುದು ಮಾತ್ರ ಒಂದು ಚಮಚ.