ಸಾಲದ ಕೀಲಿಕೈ, ರಫ್ತಿನ ಅಳತೆಗೋಲು: ಪಾರ್ಕ್ ಚುಂಗ್ ಹೀ ಕಾಲದ ದಕ್ಷಿಣ ಕೊರಿಯಾ (1961–79)

ಸರ್ವಾಧಿಕಾರದಿಂದ ಆರ್ಥಿಕ ಬೆಳವಣಿಗೆ ಸಾಧ್ಯವೆನ್ನುವವರು ಮೊದಲು ಬೆರಳು ತೋರಿಸುವುದು ದಕ್ಷಿಣ ಕೊರಿಯಾದತ್ತ. ಆದರೆ ಅದೇ ಕಾಲದಲ್ಲಿ ಸರ್ವಾಧಿಕಾರಿ ಮೊಬುಟು ಆಳಿದ ಆಫ್ರಿಕಾದ ಜೈರ್, ತಾಮ್ರದ ಗಣಿಗಳಿದ್ದೂ ದಿವಾಳಿಯಾಯಿತು. ಆದ್ದರಿಂದ ಅಧಿಕಾರ ಎಷ್ಟು ಬಿಗಿಯಾಗಿತ್ತು ಎಂಬುದಕ್ಕಿಂತ ಅದು ಯಾರ ಮೇಲೆ, ಯಾವ ಅಳತೆಗೋಲು ಹಿಡಿದು ನಡೆಯಿತು ಎಂದು ಕೇಳುವುದು ಲೇಸು.

1961ರ ಮೇ 16ರಂದು ಅಧಿಕಾರ ಕಸಿದುಕೊಂಡ ಪಾರ್ಕ್ ನೇತೃತ್ವದ ಸೇನಾ ಬಣ, ದೊಡ್ಡ ಉದ್ಯಮಿಗಳ ಮೇಲೆ ಅಕ್ರಮ ಸಂಪತ್ತಿನ ಆರೋಪ ಹೊರಿಸಿತು. ಸ್ಯಾಮ್‌ಸಂಗ್ ಸ್ಥಾಪಕ ಲೀ ಬ್ಯುಂಗ್ ಚುಲ್ ಕೂಡ ಅವರಲ್ಲೊಬ್ಬರು. ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿಯಿತು: ಸರ್ಕಾರ ಹೇಳಿದ ಕಾರ್ಖಾನೆ ಕಟ್ಟಬೇಕು, ಉಳಿದದ್ದು ಮಾಫಿ. ವಾಣಿಜ್ಯ ಬ್ಯಾಂಕುಗಳೂ ಆ ವರ್ಷವೇ ಸರ್ಕಾರದ ಹಿಡಿತಕ್ಕೆ ಬಂದು, ಸಾಲದ ಕೀಲಿಕೈ ಪ್ರಭುತ್ವದ ಸೊಂಟ ಸೇರಿತು. ರಫ್ತುದಾರರಿಗೆ ಅಗ್ಗದ ಬಡ್ಡಿ ದೊರೆಯುತ್ತಿತ್ತು. ತಿಂಗಳ ರಫ್ತು ಸಭೆಯಲ್ಲಿ ಖುದ್ದು ಅಧ್ಯಕ್ಷ ಪಾರ್ಕ್ ಅವರೇ ಕೂತು ಲೆಕ್ಕ ಕೇಳುತ್ತಿದ್ದರು. 1964ರಲ್ಲಿ 10 ಕೋಟಿ ಡಾಲರ್ ಮುಟ್ಟಿದ ರಫ್ತು 1977ರಲ್ಲಿ 1,000 ಕೋಟಿಗೇರಿತು.

ನೆರವಿಗೆ ಪ್ರತಿಯಾಗಿ ಸಾಧನೆ ಎಂಬ ಈ ಕರಾರನ್ನೇ ಅರ್ಥಶಾಸ್ತ್ರಜ್ಞೆ ಆಲಿಸ್ ಆಮ್ಸ್‌ಡೆನ್ 1989ರ ತಮ್ಮ ಕೃತಿಯಲ್ಲಿ ಮುಂದಿಟ್ಟರು. ಅದಕ್ಕೆ ನಾನು ಸೇರಿಸುವುದಿಷ್ಟೇ: ಆ ಸಾಧನೆಯನ್ನು ಅಳೆಯುವ ಕೋಲು ದೇಶದ ಹೊರಗಿತ್ತು. ಸೋಲ್‌ನ ಅಧಿಕಾರಿಗೆ ಲಂಚ ಕೊಟ್ಟರೆ ಅಮೆರಿಕದ ಗಿರಾಕಿ ಅಂಗಿ ಕೊಳ್ಳುವುದಿಲ್ಲ. (ಲಂಚಕ್ಕೇನೂ ಬರವಿರಲಿಲ್ಲ ಎನ್ನುವುದು ಬೇರೆ ಮಾತು.)

ಕೆಲವನ್ನು ಪಾರ್ಕ್ ಖಾತೆಗೆ ಜಮೆ ಮಾಡುವಂತಿಲ್ಲ. ಜಮೀನ್ದಾರರ ಬೆನ್ನು ಮುರಿದ ಭೂಸುಧಾರಣೆಯೂ ಪ್ರಾಥಮಿಕ ಶಿಕ್ಷಣದ ವಿಸ್ತರಣೆಯೂ 1961ಕ್ಕೆ ಮೊದಲಿನವು. ಪೊಹಾಂಗ್ ಉಕ್ಕಿನ ಕಾರ್ಖಾನೆಗೆ ಹಣದ ಒಂದು ಪಾಲು ಬಂದದ್ದು ಜಪಾನಿನೊಡನೆ 1965ರಲ್ಲಿ ಆದ ಸಂಬಂಧ ಮರುಸ್ಥಾಪನೆಯ ಒಪ್ಪಂದದಿಂದ, ಅಂದರೆ ದೇಶದ ಹೊರಗಿನಿಂದ.

1973ರ ನಂತರ ಭಾರೀ ಕೈಗಾರಿಕೆಗಳತ್ತ ಹೊರಳಿದಾಗ ರಫ್ತಿನ ಆ ಅಳತೆಗೋಲು ಸಡಿಲವಾಯಿತು. ಉಕ್ಕು, ಹಡಗು ಉದ್ಯಮಗಳು ಕಾಲೂರಿ ನಿಂತವು. ಯಂತ್ರೋದ್ಯಮದಲ್ಲಿ ಬೇಡಿಕೆ ಮೀರಿ ಹೂಡಿದ ಬಂಡವಾಳ ಭಾರವಾಯಿತು. ಪಾರ್ಕ್ ಹತ್ಯೆಯ ಮರುವರ್ಷ, 1980ರಲ್ಲಿ, ಆರ್ಥಿಕತೆ ಕುಗ್ಗಿತು.

ಬಂಡವಾಳಿಗರನ್ನು ಸಾಲದ ಮೂಲಕ ಹಿಡಿದ ಪ್ರಭುತ್ವ ಕಾರ್ಮಿಕರನ್ನು ಹಿಡಿದದ್ದು ಪೊಲೀಸರ ಮೂಲಕ. 1970ರ ನವೆಂಬರ್ 13ರಂದು ಸೋಲ್‌ನ ಮಾರುಕಟ್ಟೆಯೊಂದರಲ್ಲಿ 22 ವರ್ಷದ ಉಡುಪು ಕಾರ್ಮಿಕ ಚೊನ್ ತೇ ಇಲ್ ಮೈಗೆ ಬೆಂಕಿ ಹಚ್ಚಿಕೊಂಡರು. ಹೊಸ ಹಕ್ಕನ್ನೇನೂ ಅವರು ಕೇಳಿರಲಿಲ್ಲ. 1953ರಿಂದಲೂ ಕಾಗದದ ಮೇಲಷ್ಟೇ ಇದ್ದ ಕಾರ್ಮಿಕ ಕಾಯಿದೆಯನ್ನು ಜಾರಿಮಾಡಿ ಎಂದಿದ್ದರು.