ಟೆಂಡರ್ ಯಾರದು, ಕೂಲಿ ಯಾರಿಗೆ?

ನಮ್ಮ ದೊಡ್ಡಬೆಳವಂಗಲ ಹೋಬಳಿಯ ಯಾವ ಊರಲ್ಲೇ ಆಗಲಿ, ಸಿಸಿ ರಸ್ತೆ, ಚರಂಡಿ ಕೆಲಸ ನಡೀತಿದ್ರೆ ಎರಡು ಪ್ರಶ್ನೆ ಕೇಳಿ. ಟೆಂಡರ್ ಯಾರದು? ಕೂಲಿ ಯಾರಿಗೆ ಸಿಕ್ತು? ಮೊದಲನೆಯದಕ್ಕೆ ಕಾನೂನಿನಲ್ಲಿ ಅರ್ಧ ಉತ್ತರ ಇದೆ. ಎರಡನೆಯದಕ್ಕೆ ಇಲ್ಲ. ಇದಕ್ಕೊಂದು ಇತಿಹಾಸ ಇದೆ ಗೆಳೆಯರೇ.

1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಎಂದಿತು. ಆದರೆ 1990ರ ದಶಕದಲ್ಲಿ ಬೆಂಗಳೂರಿನ ಕಸ ಗುತ್ತಿಗೆಗೆ ಹೋಯ್ತು. ಪೊರಕೆ ಹಿಡಿದ ಕೈ ನಮ್ಮದೇ ಉಳೀತು, ಸಂಬಳ ಹಂಚುವ ಕೈ ಮಾತ್ರ ಬದಲಾಯ್ತು. ವರ್ಷಗಟ್ಟಲೆ ಹೋರಾಡಿದ ಮೇಲೆ 2017ರ ಹೊತ್ತಿಗೆ ಸರ್ಕಾರ ನೇರ ಪಾವತಿಯ ದಾರಿ ಹಿಡಿಯಿತು.

ಅದೇ ಹೊತ್ತಿಗೆ 1999ರ ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ಆಯ್ತು. 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15, ಪಂಗಡಕ್ಕೆ 6.95, ಒಟ್ಟು ಶೇ. 24.1 ಮೀಸಲು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಇದು ಸಣ್ಣ ಗೆಲುವಲ್ಲ. ಟೆಂಡರ್ ಫಾರಂ ಮುಟ್ಟೋಕೂ ಬಿಡದ ಕಡೆ ನಮ್ಮ ಹುಡುಗರು ಗುತ್ತಿಗೆದಾರರಾದರು.

ಆದ್ರೆ ಗಮನಿಸಿ. ಮೀಸಲು ಇರೋದು ಕಾಮಗಾರಿಗಳ ಸಂಖ್ಯೆಯಲ್ಲಿ, ಹಣದಲ್ಲಲ್ಲ. ನಾಲ್ಕು ಸಣ್ಣ ಕೆಲಸ ಸೇರಿಸಿ ಒಂದು ಪ್ಯಾಕೇಜ್ ಮಾಡಿದ್ರೆ ಮಿತಿ ದಾಟುತ್ತೆ, ಮೀಸಲು ಮಾಯ. ಲೈಸೆನ್ಸ್ ನಮ್ಮವನದು, ಬಂಡವಾಳ ಊರ ಗೌಡರದು ಅನ್ನೋ ಬೇನಾಮಿ ಬೇರೆ. ಇನ್ನು ಗುಂಡಿ ತೋಡುವ, ಜಲ್ಲಿ ಹೊರುವ ಭೂಹೀನರ ಬಗ್ಗೆ ಈ ಮೀಸಲು ಏನೂ ಹೇಳಲ್ಲ. 2024ರಲ್ಲಿ ಹೊರಗುತ್ತಿಗೆ ನೇಮಕಾತಿಯಲ್ಲೂ ಮೀಸಲಾತಿ ಪಾಲಿಸಿ ಅಂತ ಸುತ್ತೋಲೆ ಬಂತು. ಅದು ಕಚೇರಿಗಳ ಸಿಬ್ಬಂದಿಗೆ. ರಸ್ತೆ ಕಾಮಗಾರಿಯ ಕೂಲಿಗಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ಹಳೆಯದು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಆದೇಶ ಹೊರಡಿಸಿದರು: ಸರ್ಕಾರಿ ಗುತ್ತಿಗೆ ಬೇಕಾದ್ರೆ ಕೆಲಸ ಕೊಡುವಾಗ ಕರಿಯರಿಗೆ ಭೇದ ಮಾಡುವಂತಿಲ್ಲ, ಅವರನ್ನು ಸೇರಿಸಿಕೊಳ್ಳೋಕೆ ಕ್ರಮ ತಗೋಬೇಕು. 1996ರಲ್ಲಿ ಕ್ಲಿಂಟನ್ ಕಾಲದಲ್ಲಿ, ಸರ್ಕಾರಿ ನೆರವಿನಲ್ಲಿ ಬದುಕುವವರನ್ನು ಕೆಲಸಕ್ಕೆ ಸೇರಿಸಿಕೊಂಡ ಕಂಪನಿಗೆ ತೆರಿಗೆ ರಿಯಾಯಿತಿ ಬಂತು. ಜತೆಗೇ ಬಡ ತಾಯಂದಿರ ನೆರವಿಗೆ ಕಾಲಮಿತಿಯೂ ಬಿತ್ತು. ಮಾಲೀಕನಿಗೆ ಬೆಲ್ಲ, ಬಡವರಿಗೆ ಬೆತ್ತ! 1965ರ ಆದೇಶವನ್ನು 2025ರ ಜನವರಿಯಲ್ಲಿ ಟ್ರಂಪ್ ಒಂದೇ ಸಹಿಯಲ್ಲಿ ರದ್ದು ಮಾಡಿದರು. ಸಹಿಯಿಂದ ಬಂದದ್ದು ಸಹಿಯಿಂದಲೇ ಹೋಗುತ್ತೆ. ಹಾಗಾಗಿ ನಮಗೆ ಸುತ್ತೋಲೆ ಸಾಲದು, ಕಾಯ್ದೆಯಲ್ಲೇ ಬರಬೇಕು.

ಏನು ಬರಬೇಕು? ದೊಡ್ಡ ಕಾಮಗಾರಿಗಳಲ್ಲಿ ಕೂಲಿ ದಿನಗಳ ಒಂದು ಪಾಲು ಆಯಾ ಪಂಚಾಯ್ತಿಯ ಜಾಬ್ ಕಾರ್ಡ್ ಕುಟುಂಬಗಳಿಗೆ. ಕೂಲಿ ನೇರ ಬ್ಯಾಂಕ್ ಖಾತೆಗೆ. ಹೆಸರು ಪಟ್ಟಿ ಪಂಚಾಯ್ತಿ ಗೋಡೆ ಮೇಲೆ. ಮೀಸಲು ಹಣದ ಲೆಕ್ಕದಲ್ಲಿ. "ಇದರಿಂದ ನಮ್ಮ ಸಣ್ಣ ಗುತ್ತಿಗೆದಾರರಿಗೇ ಹೊರೆ ಆಗಲ್ವಾ?" ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಅವರಿಗೆ ಷರತ್ತು ಬೇಡ, ಉತ್ತೇಜನ ಕೊಡಿ: ಭೂಹೀನರಿಗೆ ಕೆಲಸ ಕೊಟ್ಟವರ ಬಿಲ್ ಮೊದಲು ಪಾಸ್ ಆಗಲಿ. ಅಂಥ ಉತ್ತೇಜನದ ಹೆಸರಲ್ಲಿ ಯಾರ ಪಡಿತರ, ಪಿಂಚಣಿಯೂ ನಿಲ್ಲಬಾರದು.

ಮುಂದಿನ ಗ್ರಾಮಸಭೆಯಲ್ಲಿ ಆ ಎರಡು ಪ್ರಶ್ನೆ ಕೇಳಿ, ನಡಾವಳಿಯಲ್ಲಿ ಬರೆಸಿ.

ಜೈಭೀಮ್.